ತಲೆಬುರುಡೆಗೆ ಹಗುರ ಸ್ಪರ್ಶ: ಕ್ರೇನಿಯಲ್ ಆಸ್ಟಿಯೋಪಥಿಯಿಂದ ಏನನ್ನು ನಿರೀಕ್ಷಿಸಬಹುದು?

ಬಿಡದೆ ಅಳುವ ಹಸುಳೆಯನ್ನೋ, ತಲೆನೋವಿನಿಂದ ಬಳಲುವ ಹಿರಿಯರನ್ನೋ 'ಕ್ರೇನಿಯಲ್ ಆಸ್ಟಿಯೋಪಥಿ' ಚಿಕಿತ್ಸೆಗೆ ಕರೆದೊಯ್ಯುವುದು ಬ್ರಿಟನ್, ಅಮೆರಿಕಗಳಲ್ಲಿ ಅಪರೂಪವಲ್ಲ. ಅಲ್ಲಿ ನೆಲೆಸಿರುವ ಬಂಧುಗಳಿಂದ ನೀವೂ ಈ ಹೆಸರನ್ನು ಕೇಳಿರಬಹುದು. ಇದರಲ್ಲಿ ಔಷಧಿಯಿಲ್ಲ, ನೋವಿಲ್ಲ. ಇರುವುದು ಕೈಗಳ ಹಗುರ ಸ್ಪರ್ಶ ಮಾತ್ರ. ಅದರಿಂದ ಏನಾಗುತ್ತದೆ, ಏನಾಗುವುದಿಲ್ಲ?

ಕಲ್ಪನೆ ಹುಟ್ಟಿದ ಬಗೆ

ಮೂಳೆ, ಸ್ನಾಯುಗಳನ್ನು ಕೈಯಿಂದ ಸರಿಪಡಿಸಿ ರೋಗ ನಿವಾರಿಸುವ ಆಸ್ಟಿಯೋಪಥಿಯನ್ನು 1874ರಲ್ಲಿ ಅಮೆರಿಕದ ಆಂಡ್ರ್ಯೂ ಟೇಲರ್ ಸ್ಟಿಲ್ ಪ್ರತಿಪಾದಿಸಿದರು. 1892ರಲ್ಲಿ ಮಿಸೌರಿಯ ಕರ್ಕ್ಸ್‌ವಿಲ್‌ನಲ್ಲಿ ಇದಕ್ಕಾಗಿ ಒಂದು ಶಾಲೆಯನ್ನೂ ತೆರೆದರು. ಅಲ್ಲಿನ ವಿದ್ಯಾರ್ಥಿ ವಿಲಿಯಂ ಗಾರ್ನರ್ ಸದರ್‌ಲೆಂಡ್ ಒಮ್ಮೆ ಬಿಡಿಬಿಡಿಯಾಗಿ ಜೋಡಿಸಿದ್ದ ತಲೆಬುರುಡೆಯನ್ನು ನೋಡಿದರು. ಕಿವಿಯ ಬಳಿಯ ಮೂಳೆಯ ಓರೆಯಾದ ಅಂಚು ಅವರಿಗೆ ಮೀನಿನ ಕಿವಿರಿನಂತೆ ಕಂಡಿತು. ಹಾಗಿದ್ದರೆ ಈ ಮೂಳೆಗಳೂ ಉಸಿರಾಟದಂತೆ ಲಯಬದ್ಧವಾಗಿ ಚಲಿಸುತ್ತಿರಬೇಕೆಂದು ಅವರು ಊಹಿಸಿದರು. 1939ರಲ್ಲಿ ಈ ವಿಚಾರವನ್ನು ಪುಸ್ತಕವಾಗಿ ಪ್ರಕಟಿಸಿದರು. 1970ರ ದಶಕದಲ್ಲಿ ಜಾನ್ ಅಪ್ಲೆಜರ್ ಇದರಿಂದಲೇ 'ಕ್ರೇನಿಯೋಸೇಕ್ರಲ್ ಚಿಕಿತ್ಸೆ'ಯನ್ನು ರೂಪಿಸಿದರು.

ಇಂದು ಅಮೆರಿಕದಲ್ಲಿ ಆಸ್ಟಿಯೋಪಥಿ ಪದವೀಧರರು ಪೂರ್ಣ ತರಬೇತಿ ಪಡೆದ ವೈದ್ಯರು. ಬ್ರಿಟನ್ನಿನಲ್ಲಿ ಅವರು 1993ರ ಕಾಯಿದೆಯಂತೆ ನೋಂದಾಯಿತ ಚಿಕಿತ್ಸಕರು, ವೈದ್ಯರಲ್ಲ. ತಲೆಬುರುಡೆಯ ಚಿಕಿತ್ಸೆ ಈ ಪದ್ಧತಿಯ ಒಂದು ಕವಲು ಮಾತ್ರ.

ಚಿಕಿತ್ಸೆಯ ಹೊತ್ತಿನಲ್ಲಿ

ಚಿಕಿತ್ಸಕರು ಮೊದಲು ನಿಮ್ಮ ಆರೋಗ್ಯದ ವಿವರ ಕೇಳುತ್ತಾರೆ. ಉಡುಪು ಧರಿಸಿಯೇ ನೀವು ಮೇಜಿನ ಮೇಲೆ ಅಂಗಾತ ಮಲಗುತ್ತೀರಿ. ಅವರು ಅಂಗೈಗಳನ್ನು ನಿಮ್ಮ ತಲೆಯ ಕೆಳಗೆ, ಕೆಲವೊಮ್ಮೆ ಬೆನ್ನುಮೂಳೆಯ ತುದಿಯಲ್ಲಿರುವ ತ್ರಿಕಾಸ್ಥಿಯ ಕೆಳಗೆ ಇಟ್ಟು ಸುಮ್ಮನೆ ಹಿಡಿದಿರುತ್ತಾರೆ. ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ಇದು ನಡೆಯಬಹುದು. ಬೆಚ್ಚಗೆನಿಸಿ, ಸ್ನಾಯುಗಳು ಸಡಿಲಗೊಂಡು ನಿದ್ದೆ ಬರಬಹುದು. ಆನಂತರ ಕೆಲವರಿಗೆ ಆಯಾಸ ಅಥವಾ ಸಣ್ಣ ತಲೆನೋವು ಕಾಣಿಸಬಹುದು. ಮೌನ, ವಿಶ್ರಾಂತಿ, ಅಕ್ಕರೆಯ ಸ್ಪರ್ಶ ಇವುಗಳಿಂದ ಹಾಯೆನಿಸುವುದು ಸಹಜ. ಈ ಹಿತ ನಿಜ. ಅದಕ್ಕೆ ಕೊಡುವ ವಿವರಣೆ ನಿಜವೇ ಎಂಬುದು ಬೇರೆಯೇ ಪ್ರಶ್ನೆ.

ಲೆಕ್ಕ ಹಾಕಿ ನೋಡೋಣ

ಈ ಚಿಕಿತ್ಸೆಯಲ್ಲಿ ಬಳಸುವ ಬಲ ಸುಮಾರು 5 ಗ್ರಾಂ ತೂಕದಷ್ಟು, ಅಂದರೆ ಒಂದು ಟೀ ಚಮಚ ಸಕ್ಕರೆಯಷ್ಟು ಎನ್ನುತ್ತಾರೆ. ಇದು 1 ಚದರ ಸೆಂ.ಮೀ. ಜಾಗದ ಮೇಲೆ ಬೀಳುತ್ತದೆ ಎಂದುಕೊಳ್ಳಿ. ಬಲ 0.049 ನ್ಯೂಟನ್, ಒತ್ತಡ 490 ಪಾಸ್ಕಲ್. ಈಗ ದಿಂಬನ್ನು ನೆನೆಯಿರಿ. ವಯಸ್ಕರ ತಲೆಯ ತೂಕ 4ರಿಂದ 5 ಕಿಲೋಗ್ರಾಂ. ಅದು 50 ಚದರ ಸೆಂ.ಮೀ.ಗೆ ಹರಡಿದರೂ ಪ್ರತಿ ಚದರ ಸೆಂ.ಮೀ.ಗೆ 80ರಿಂದ 100 ಗ್ರಾಂ ಬೀಳುತ್ತದೆ. 5 ಗ್ರಾಂಗೆ ಮೂಳೆಗಳು ಜರುಗುವುದಾದರೆ ಪ್ರತಿ ಬೆಳಿಗ್ಗೆ ನಮ್ಮ ತಲೆಯ ಆಕಾರವೇ ಬದಲಾಗಿರಬೇಕಿತ್ತು!

ತಲೆಬುರುಡೆಯಲ್ಲಿ 22 ಮೂಳೆಗಳಿವೆ. ಮಿದುಳನ್ನು ಆವರಿಸಿರುವ ಎಂಟು ಮೂಳೆಗಳು ಗರಗಸದ ಹಲ್ಲುಗಳಂತೆ ಒಂದರೊಳಗೊಂದು ಸೇರಿ, ವಯಸ್ಸಾದಂತೆ ಕ್ರಮೇಣ ಬೆಸೆದುಕೊಳ್ಳುತ್ತವೆ. ಹಸುಳೆಯ ಮಾತು ಬೇರೆ. ಅದರ ನೆತ್ತಿ ಮೆತ್ತಗಿರುತ್ತದೆ. ವಾರಗಟ್ಟಲೆ ಒಂದೇ ಮಗ್ಗುಲಲ್ಲಿ ಮಲಗಿದರೆ ತಲೆ ಚಪ್ಪಟೆಯಾಗಲೂಬಹುದು. ಅದಕ್ಕೂ ಬೇಕಾದದ್ದು ದೀರ್ಘಕಾಲದ ಒತ್ತಡ.

ಆ ಲಯ ಇದೆಯೇ?

ಮಿದುಳು, ಮಿದುಳುಬಳ್ಳಿಗಳ ಸುತ್ತ ಸುಮಾರು 150 ಮಿಲಿಲೀಟರ್ ದ್ರವವಿದೆ. ಅದು ಹೃದಯದ ಬಡಿತ ಹಾಗೂ ಉಸಿರಾಟದೊಂದಿಗೆ ಅಲುಗುವುದನ್ನು ಎಂ.ಆರ್.ಐ. ಚಿತ್ರಗಳು ತೋರಿಸಿವೆ. ಆದರೆ ಚಿಕಿತ್ಸಕರು ಹೇಳುವುದು ಇವೆರಡನ್ನೂ ಬಿಟ್ಟ ಮೂರನೆಯ ಲಯವನ್ನು; ಅದು ತಮ್ಮ ಬೆರಳುಗಳಿಗೆ ತಿಳಿಯುತ್ತದೆ ಎನ್ನುತ್ತಾರೆ. 1998ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 28 ಜನರನ್ನು ಇಬ್ಬರು ಪರೀಕ್ಷಕರು ಏಕಕಾಲಕ್ಕೆ ತಲೆ ಮತ್ತು ಪಾದಗಳ ಬಳಿ ಮುಟ್ಟಿ ಲಯವನ್ನು ಎಣಿಸಿದರು. ಇಬ್ಬರ ಎಣಿಕೆಗಳು ಹೊಂದಲಿಲ್ಲ. ನಿಜವಾಗಿ ಇರುವ ಲಯವನ್ನು ಎಣಿಸಿದ್ದರೆ ಅವು ಹೊಂದಬೇಕಿತ್ತು.

ರೋಗ ವಾಸಿಯಾಗುತ್ತದೆಯೇ?

2006ರ ಒಂದು ಅಧ್ಯಯನದಲ್ಲಿ 'ಕಾಲಿಕ್' ಎಂಬ ಅತಿಯಾದ ಅಳುವಿನ 28 ಹಸುಳೆಗಳನ್ನು ಎರಡು ಗುಂಪು ಮಾಡಲಾಯಿತು. ಚಿಕಿತ್ಸೆ ಪಡೆದವುಗಳ ಅಳು ಹೆಚ್ಚು ಕಡಿಮೆಯಾಯಿತು. ಆದರೆ ಅಳುವಿನ ಲೆಕ್ಕ ಬರೆದವರು ತಂದೆತಾಯಿಗಳು. ತಮ್ಮ ಮಗುವಿಗೆ ಚಿಕಿತ್ಸೆ ಸಿಕ್ಕಿತೇ ಇಲ್ಲವೇ ಎಂಬುದು ಅವರಿಗೆ ತಿಳಿದಿತ್ತು. 2024ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 66 ಹಸುಳೆಗಳಿದ್ದವು. ಒಂದು ಗುಂಪಿಗೆ ಚಿಕಿತ್ಸೆ, ಇನ್ನೊಂದಕ್ಕೆ ಯಾವ ಉದ್ದೇಶವೂ ಇಲ್ಲದ ಬರಿಯ ಹಗುರ ಸ್ಪರ್ಶ. ಗಣನೀಯ ವ್ಯತ್ಯಾಸ ಕಾಣಲಿಲ್ಲ. ಇಂಥ ಅಳು ಮೂರು ನಾಲ್ಕು ತಿಂಗಳಿಗೆ ಸಾಮಾನ್ಯವಾಗಿ ತಾನಾಗಿಯೇ ತಗ್ಗುತ್ತದೆ ಎಂಬುದನ್ನೂ ನೆನಪಿಡಿ.

ಇನ್ನೂ ಸ್ಪಷ್ಟವಾದ ಪಾಠ 2011ರಲ್ಲಿ ವರದಿಯಾದ ಬ್ರಿಟನ್ನಿನ ಪ್ರಯೋಗದ್ದು. ಸೆರೆಬ್ರಲ್ ಪಾಲ್ಸಿ ಇದ್ದ 142 ಮಕ್ಕಳು ಅದರಲ್ಲಿದ್ದರು. ಯಾವ ಮಗು ಯಾವ ಗುಂಪಿನದೆಂದು ತಿಳಿಯದ ಪರೀಕ್ಷಕರು ಚಲನೆಯ ಸಾಮರ್ಥ್ಯವನ್ನು ಅಳೆದಾಗ ಎರಡು ಗುಂಪುಗಳ ನಡುವೆ ಅಂತರ ಸಿಗಲಿಲ್ಲ. ಆದರೆ 'ಮಗು ಸುಧಾರಿಸಿದೆ' ಎಂದವರು ಚಿಕಿತ್ಸೆ ಪಡೆದ ಗುಂಪಿನಲ್ಲಿ ನೂರಕ್ಕೆ 38, ಇನ್ನೊಂದರಲ್ಲಿ 18. ತಂದೆತಾಯಿಗಳು ಸುಳ್ಳು ಹೇಳಲಿಲ್ಲ. ನಿರೀಕ್ಷೆ ಕಣ್ಣಿಗೆ ಬಣ್ಣ ಬಳಿಯಿತು. ಅದಕ್ಕಾಗಿಯೇ ವಿಜ್ಞಾನಕ್ಕೆ ಇಂಥ ಮುಸುಕಿನ ಪರೀಕ್ಷೆ ಬೇಕು.

ಎಚ್ಚರವಿರಲಿ

ಸ್ಪರ್ಶ ಹಗುರವಾದ್ದರಿಂದ ನೇರ ಅಪಾಯ ಕಡಿಮೆ. ದೊಡ್ಡ ಅಪಾಯವೆಂದರೆ ವಿಳಂಬ. ಮೂರು ತಿಂಗಳೊಳಗಿನ ಹಸುಳೆಗೆ 38 ಡಿಗ್ರಿ ಸೆಲ್ಸಿಯಸ್ ಅಥವಾ ಹೆಚ್ಚು ಜ್ವರ, ಉಬ್ಬಿದ ನೆತ್ತಿ, ಸೆಳವು, ಹಾಲು ಕುಡಿಯದಿರುವುದು. ಯಾರಿಗೇ ಆಗಲಿ ಹಠಾತ್ತನೆ ಬಂದ ತೀವ್ರ ತಲೆನೋವು, ತಲೆಗೆ ಪೆಟ್ಟು: ಇವುಗಳಿಗೆ ತಕ್ಷಣ ಆಸ್ಪತ್ರೆಯೇ ದಾರಿ. ವೈದ್ಯರು ಕೊಟ್ಟ ಔಷಧಿಯನ್ನು ಇಂಥ ಚಿಕಿತ್ಸೆ ನಂಬಿ ನಿಲ್ಲಿಸಬಾರದು.

ತರಗತಿಯಲ್ಲಿ ಮಾಡಿ ನೋಡಿ

ಒಬ್ಬ ವಿದ್ಯಾರ್ಥಿಯ ಎರಡು ಮಣಿಕಟ್ಟುಗಳನ್ನು ಇಬ್ಬರು ಹಿಡಿದು, ಗಡಿಯಾರ ನೋಡುವ ಮೂರನೆಯವನ ಸೂಚನೆಯಂತೆ ಒಂದು ನಿಮಿಷ ನಾಡಿ ಎಣಿಸಲಿ. ಒಬ್ಬರಿಗೊಬ್ಬರು ಹೇಳದೆ ಬರೆದಿಡಲಿ. ಹತ್ತು ಜನರ ಮೇಲೆ ಹೀಗೆ ಮಾಡಿ ಅಂಕಿಗಳನ್ನು ಹೋಲಿಸಿ. ಅಲ್ಪ ವ್ಯತ್ಯಾಸದೊಳಗೆ ಅವು ಹೊಂದುತ್ತವೆ. ತಲೆಬುರುಡೆಯ ಲಯಕ್ಕೆ ಒಡ್ಡಿದ್ದೂ ಇದೇ ಸರಳ ಪರೀಕ್ಷೆಯನ್ನು. ನಾಡಿ ತೇರ್ಗಡೆಯಾಗುತ್ತದೆ, ಆ ಲಯ ಆಗಲಿಲ್ಲ.