ಜ್ವರದ ಅಳತೆ: ಲೆಕ್ಕ ಎರಡು, ಶಾಖ ಒಂದೇ

ಮಗುವಿನ ಮೈ ಸುಡುತ್ತಿದೆ, ಥರ್ಮಾಮೀಟರು 39 ಎನ್ನುತ್ತಿದೆ. ‘ನೂರು ದಾಟಿದರೆ ತಾನೇ ಜ್ವರ?’ ಎಂದು ಸುಮ್ಮನಿರಬೇಡಿರಿ. ಅದು ಸೆಲ್ಸಿಯಸ್ ಲೆಕ್ಕ. ನಮಗೆ ರೂಢಿಯಾದ ಫ್ಯಾರನ್‌ಹೀಟ್ ಲೆಕ್ಕದಲ್ಲಿ ಅದೇ ಜ್ವರ 102.2.

ಇದು ಹೇಗೆ? ನೀರು ಹೆಪ್ಪುಗಟ್ಟುವ ಶಾಖ ಸೆಲ್ಸಿಯಸ್ಸಿನಲ್ಲಿ 0, ಫ್ಯಾರನ್‌ಹೀಟಿನಲ್ಲಿ 32. ಸಮುದ್ರಮಟ್ಟದಲ್ಲಿ ನೀರು ಕುದಿಯುವ ಶಾಖ ಅಲ್ಲಿ 100, ಇಲ್ಲಿ 212. ಒಂದೇ ಅಂತರವನ್ನು ಅಲ್ಲಿ 100 ಪಾಲು, ಇಲ್ಲಿ 180 ಪಾಲು ಮಾಡಿದ್ದಾರೆ. ಆದುದರಿಂದ ಸೆಲ್ಸಿಯಸ್ಸಿನ 1 ಡಿಗ್ರಿ ಏರಿದರೆ ಫ್ಯಾರನ್‌ಹೀಟಿನಲ್ಲಿ 1.8 ಡಿಗ್ರಿ ಏರುತ್ತದೆ.

ಬಾಯಿಲೆಕ್ಕ ಸುಲಭ. ಸೆಲ್ಸಿಯಸ್ ಅಂಕಿಯನ್ನು ಇಮ್ಮಡಿ ಮಾಡಿರಿ, ಬಂದುದರಲ್ಲಿ ಹತ್ತನೆಯ ಒಂದು ಪಾಲು ಕಳೆಯಿರಿ, 32 ಕೂಡಿರಿ. 39ರ ಇಮ್ಮಡಿ 78; 7.8 ಕಳೆದರೆ 70.2, 32 ಕೂಡಿದರೆ 102.2. ಫ್ಯಾರನ್‌ಹೀಟಿನಿಂದ ಸೆಲ್ಸಿಯಸ್ಸಿಗೆ ತಿರುಗಿಸಲು 32 ಕಳೆದು, 5ರಿಂದ ಗುಣಿಸಿ, 9ರಿಂದ ಭಾಗಿಸಿರಿ.

ಇಷ್ಟನ್ನು ಗೋಡೆಯ ಮೇಲೆ ಬರೆದಿಡಿರಿ: 37 ಎಂದರೆ 98.6, 38 ಎಂದರೆ 100.4, 40 ಎಂದರೆ 104. ಮೂರು ತಿಂಗಳೊಳಗಿನ ಕೂಸಿಗೆ ಜ್ವರ 38 ಮುಟ್ಟಿದರೂ ಸಾಕು, ತಡಮಾಡದೆ ವೈದ್ಯರ ಬಳಿಗೆ ಎತ್ತಿಕೊಂಡು ಹೋಗಿರಿ. ಅಂಕಿಯನ್ನು ಹೇಳುವಾಗ ಥರ್ಮಾಮೀಟರಿನ ಮೇಲೆ ‘ಸಿ’ ಎಂದಿದೆಯೋ ‘ಎಫ್’ ಎಂದಿದೆಯೋ ನೋಡಿ, ಅದನ್ನೂ ತಿಳಿಸಿರಿ.