ಜೀವಕೋಶದಲ್ಲಿ ಫಾಸ್ಫೊಲಿಪೇಸ್ ಕಿಣ್ವಗಳ ಪಾತ್ರ

ಜೀವಕೋಶವನ್ನು ಹೊರಜಗತ್ತಿನಿಂದ ಬೇರ್ಪಡಿಸುವ ಪೊರೆಯಲ್ಲಿ ಫಾಸ್ಫೊಲಿಪಿಡ್‌ಗಳು ಪ್ರಧಾನ ಘಟಕಗಳೆಂಬುದು ಸುವಿದಿತವಾದ ವಿಷಯ. ಗ್ಲಿಸರಾಲಿನ ಮೊದಲೆರಡು ಇಂಗಾಲಗಳಿಗೆ ಒಂದೊಂದು ಮೇದಾಮ್ಲ, ಮೂರನೆಯದಕ್ಕೆ ಫಾಸ್ಫೇಟ್, ಅದರಾಚೆಗೆ ಕೋಲಿನ್, ಇನಾಸಿಟಾಲ್ ಮೊದಲಾದವುಗಳಲ್ಲೊಂದು ಸೇರಿ ಸಾಮಾನ್ಯವಾಗಿ ಈ ಅಣುವಾಗುವುದು. ಇದನ್ನು ಸೀಳುವ ಕಿಣ್ವಗಳೇ ಫಾಸ್ಫೊಲಿಪೇಸ್‌ಗಳು. ಎ-೧ ಎಂಬುದು ಮೊದಲನೆಯ ಮೇದಾಮ್ಲವನ್ನೂ ಎ-೨ ಎರಡನೆಯದನ್ನೂ ಬಿಡಿಸುವುವು. ಸಿ ವರ್ಗದ್ದು ಫಾಸ್ಫೇಟಿನ ಈಚೆಗೆ, ಡಿ ವರ್ಗದ್ದು ಅದರ ಆಚೆಗೆ ಕತ್ತರಿಸುವುವು.

ಇವುಗಳ ವಿನಾಶಶಕ್ತಿಯು ನಮ್ಮ ನಾಡಿನವರಿಗೆ ಅಪರಿಚಿತವಾದುದಲ್ಲ. ನಾಗರಹಾವು, ಕೊಳಕುಮಂಡಲಗಳ ವಿಷದಲ್ಲಿ ಎ-೨ ಕಿಣ್ವ ಹೇರಳವಾಗಿದೆ. ಒಂದು ಮೇದಾಮ್ಲವನ್ನು ಕಳೆದುಕೊಂಡ ಲೆಸಿಥಿನ್ ಲೈಸೊಲೆಸಿಥಿನ್ ಆಗಿ, ಸಾಬೂನಿನಂತೆ ವರ್ತಿಸಿ, ಕೆಂಪು ರಕ್ತಕಣಗಳ ಪೊರೆಯನ್ನೊಡೆಯಬಲ್ಲದು. ಕಟ್ಟುಹಾವಿನ ಜಾತಿಯ ಕೆಲವು ಹಾವುಗಳಲ್ಲಿ ಈ ಕಿಣ್ವವೇ ನರತುದಿಗಳನ್ನು ಹಾಳುಗೆಡವುವ ವಿಷಾಂಶವಾಗಿರುವುದು. ಹಾಗೆ ಒಮ್ಮೆ ಕೆಟ್ಟ ನರತುದಿಯನ್ನು ತಡವಾಗಿ ಕೊಟ್ಟ ಪ್ರತಿವಿಷವು ಸರಿಪಡಿಸಲಾರದು; ಅದು ತಾನಾಗಿ ಚೇತರಿಸಿಕೊಳ್ಳುವವರೆಗೆ ರೋಗಿಯ ಉಸಿರಾಟವನ್ನು ಕೃತಕವಾಗಿ ನಡೆಸಬೇಕಾಗಬಹುದು.

ಇಂಥ ಅಪಾಯಕಾರಿ ಕಿಣ್ವವನ್ನು ಜೀವಕೋಶವು ತನ್ನೊಳಗೇ ಇಟ್ಟುಕೊಂಡಿರುವುದೇಕೆ? ಪೊರೆಯು ಗೋಡೆ ಮಾತ್ರವಲ್ಲ, ಸಂದೇಶಗಳ ಉಗ್ರಾಣವೂ ಹೌದು ಎಂಬುದೇ ಇದಕ್ಕೆ ಉತ್ತರ. ಕೋಶದ ಎ-೨ ಕಿಣ್ವಗಳಲ್ಲೊಂದು ಕೋಶರಸದಲ್ಲಿ ಸುಮ್ಮನಿದ್ದು, ಕ್ಯಾಲ್ಸಿಯಂ ಏರಿದಾಗ ಮಾತ್ರ ಪೊರೆಗೆ ಬಂದು ಅಂಟಿಕೊಂಡು, ಅರಾಕಿಡೋನಿಕ್ ಆಮ್ಲವನ್ನು ಬಿಡಿಸುವುದು. ಉರಿಯೂತಕ್ಕೂ ನೋವಿಗೂ ಕಾರಣವಾಗುವ ಪ್ರೊಸ್ಟಗ್ಲಾಂಡಿನ್‌ಗಳು ಹುಟ್ಟುವುದು ಇದರಿಂದಲೇ. ಆಸ್ಪಿರಿನ್ ತಡೆಯುವುದು ಇದರ ಮುಂದಿನ ಹೆಜ್ಜೆಯನ್ನು ಎಂದು ೧೯೭೧ರಲ್ಲಿ ಜಾನ್ ವೇನ್ ತೋರಿಸಿದರು.

ಸಿ ವರ್ಗದ ಕಥೆ ಇನ್ನೂ ಸ್ವಾರಸ್ಯಕರ. ೧೯೫೩ರಲ್ಲಿ ಹೋಕಿನ್ ದಂಪತಿಗಳು ಪಾರಿವಾಳದ ಮೇದೋಜೀರಕಾಂಗದ ತೆಳುಹೋಳುಗಳಿಗೆ ಅಸಿಟೈಲ್‌ಕೋಲಿನ್ ಸೇರಿಸಿದಾಗ, ವಿಕಿರಣಶೀಲ ರಂಜಕವು ಫಾಸ್ಫೊಲಿಪಿಡ್‌ಗಳನ್ನು ಎಂದಿಗಿಂತ ಬಹಳ ಹೆಚ್ಚಾಗಿ ಸೇರಿಕೊಂಡಿತು. ರಚನಾವಸ್ತುವೆಂದೇ ಭಾವಿಸಿದ್ದ ಅಣುವು ಪ್ರಚೋದನೆಗೆ ಹೀಗೇಕೆ ಸ್ಪಂದಿಸಬೇಕು? ಒಗಟು ಬಿಡಿಸಲು ಮೂವತ್ತು ವರ್ಷಗಳೇ ಹಿಡಿದವು. ೧೯೭೫ರಲ್ಲಿ ಮಿಚೆಲ್ ಇದನ್ನು ಕ್ಯಾಲ್ಸಿಯಂಗೆ ಸಂಬಂಧಿಸಿ ಊಹೆಯನ್ನು ಮುಂದಿಟ್ಟರು. ೧೯೮೩ರಲ್ಲಿ ಸ್ಟ್ರೆಬ್, ಅರ್ವಿನ್, ಬೆರಿಡ್ಜ್ ಮತ್ತು ಶುಲ್ಟ್ಸ್ ಅವರ ಪ್ರಯೋಗ ಅದಕ್ಕೆ ಆಧಾರವನ್ನೊದಗಿಸಿತು. ಹಾರ್ಮೋನು ಹೊರಗಿನಿಂದ ತಾಗಿದಾಗ ಸಿ ಕಿಣ್ವವು ಇನಾಸಿಟಾಲ್‌ಯುಕ್ತ ಫಾಸ್ಫೊಲಿಪಿಡ್ಡನ್ನು ಎರಡು ತುಂಡಾಗಿ ಸೀಳುವುದು. ನೀರಿನಲ್ಲಿ ಕರಗುವ ಇನಾಸಿಟಾಲ್ ಟ್ರೈಫಾಸ್ಫೇಟ್ ಒಳಕ್ಕೆ ಸಾಗಿ ಕ್ಯಾಲ್ಸಿಯಂ ಕಣಜವನ್ನು ತೆರೆಯುವುದು. ಪೊರೆಯಲ್ಲೇ ಉಳಿದ ಡೈಅಸೈಲ್‌ಗ್ಲಿಸರಾಲ್ ಪ್ರೋಟೀನ್ ಕೈನೇಸ್-ಸಿ ಎಂಬ ಬೇರೊಂದು ಕಿಣ್ವವನ್ನು ಎಬ್ಬಿಸುವುದು. ಒಂದೇ ಏಟಿಗೆ ಇಬ್ಬರು ದೂತರು! ಒಡೆದ ಫಾಸ್ಫೊಲಿಪಿಡ್ಡನ್ನು ಕೋಶವು ಮತ್ತೆ ಕಟ್ಟಿಕೊಳ್ಳಬೇಕಾಗುವುದರಿಂದಲೇ ಹೋಕಿನ್ನರಿಗೆ ರಂಜಕದ ಏರಿಕೆ ಕಂಡುದು.

ಆದರೆ ಇದೇ ವರ್ಗದ ಕಿಣ್ವವು ವಾಯುಕೊಳೆತವನ್ನುಂಟುಮಾಡುವ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯದ ಆಯುಧವೂ ಆಗಿದೆಯೆಂದು ೧೯೪೧ರಲ್ಲೇ ಮ್ಯಾಕ್‌ಫರ್ಲೇನ್ ಮತ್ತು ನೈಟ್ ಕಂಡುಹಿಡಿದಿದ್ದರು.

ಡಿ ವರ್ಗದ ಬಗೆಗೆ ಇಲ್ಲಿ ಒಂದೆರಡು ಮಾತು ಸಾಕು. ಇದು ಮೊದಲು ಕಂಡುಬಂದುದು ಸಸ್ಯಗಳಲ್ಲಿ. ಇದರಿಂದ ಹುಟ್ಟುವ ಫಾಸ್ಫಾಟಿಡಿಕ್ ಆಮ್ಲವು, ನೀರಿನ ಅಭಾವದಲ್ಲಿ ಎಲೆಯ ಪತ್ರರಂಧ್ರಗಳನ್ನು ಮುಚ್ಚಿಸುವ ಸಂದೇಶಗಳಲ್ಲಿ ಒಂದು.