ಖಾರದ ಸುದ್ದಿ ಮಿದುಳು ಮುಟ್ಟುವ ದಾರಿ

ಬೆಂಗಳೂರಿನ ಗೊರಗುಂಟೆಪಾಳ್ಯದಲ್ಲಿ ತುಮಕೂರು ರಸ್ತೆ ಬಿಟ್ಟು ವರ್ತುಲ ರಸ್ತೆ ಹಿಡಿದು, ಬಿಇಎಲ್ ವೃತ್ತ, ಹೆಬ್ಬಾಳ ದಾಟಿ ಬಳ್ಳಾರಿ ರಸ್ತೆಗೆ ಹೊರಳಿದರೆ ಜಿಕೆವಿಕೆ. ಕೃಷಿ ವಿಶ್ವವಿದ್ಯಾಲಯಕ್ಕೆ ಹೆಸರಾದ ಈ ಆವರಣದಲ್ಲೇ ಎನ್‌ಸಿಬಿಎಸ್ ಮತ್ತು ಇನ್‌ಸ್ಟೆಮ್ ಸಂಶೋಧನಾ ಸಂಸ್ಥೆಗಳಿವೆ. ನಿಮ್ಹಾನ್ಸ್ ವೈದ್ಯರೊಡನೆ ಸೇರಿ ಇವು 2016ರಲ್ಲಿ ಒಂದು ಕೆಲಸಕ್ಕೆ ಕೈಹಾಕಿದವು. ಒಂದೇ ಮನೆಯಲ್ಲಿ ಹಲವರಿಗೆ ಸ್ಕಿಜೋಫ್ರೀನಿಯಾ, ಬೈಪೋಲಾರ್‌ನಂಥ ಕಾಯಿಲೆ ಇರುವ ಕುಟುಂಬಗಳಿಂದ ರಕ್ತ ಪಡೆದು, ಅದರ ಕೋಶಗಳನ್ನು ಕಾಂಡಕೋಶಗಳಾಗಿಸಿ, ಅವುಗಳಿಂದ ನರಕೋಶ ಬೆಳೆಸಿ ನೋಡುವುದು.

ಪ್ರೌಢ ಕೋಶವನ್ನು ಹೀಗೆ ಎಳೆತನಕ್ಕೆ ಮರಳಿಸಬಹುದೆಂದು 2006ರಲ್ಲಿ ತೋರಿಸಿದವರು ಜಪಾನಿನ ಶಿನ್ಯಾ ಯಮನಾಕ. ಅವರಿಗೆ ಬೇಕಾದದ್ದು ನಾಲ್ಕೇ ಜೀನ್‌ಗಳು. 2013ರಲ್ಲಿ ಮ್ಯಾಡಲಿನ್ ಲ್ಯಾಂಕಾಸ್ಟರ್ ಮತ್ತು ಯುರ್ಗೆನ್ ಕ್ನೊಬ್ಲಿಖ್ ಇಂಥ ಕೋಶಗಳಿಂದ ಸಣ್ಣ ಕಾಳಿನಷ್ಟು ದಪ್ಪದ ಮಿದುಳಿನ ಆರ್ಗನಾಯ್ಡ್, ಅಂದರೆ ಅಂಗವನ್ನು ಹೋಲುವ ಕೋಶಗಳ ಉಂಡೆ, ಬೆಳೆಸಿದರು.

ಆದರೆ ದೇಹದಲ್ಲಿ ಯಾವ ಅಂಗವೂ ಒಂಟಿಯಾಗಿ ಬಾಳುವುದಿಲ್ಲ. ಸ್ಟ್ಯಾನ್‌ಫರ್ಡ್‌ನ ಸೆರ್ಜಿಯು ಪಾಶ್ಕಾ ತಂಡ ಹಿಡಿದದ್ದು ಇದೇ ಎಳೆಯನ್ನು. ಅವರು ಮಿದುಳಿನ ಹೊರಪದರ, ಬೆನ್ನುಹುರಿ, ಸ್ನಾಯು ಮೂರನ್ನೂ ಬೇರೆಬೇರೆ ಬೆಳೆಸಿ, ಒಂದಕ್ಕೊಂದು ತಾಗಿಸಿಟ್ಟರು. ಉಂಡೆಗಳು ತಾವಾಗಿಯೇ ಬೆಸೆದುಕೊಂಡವು, ನರಗಳು ತಮ್ಮ ದಾರಿ ತಾವೇ ಹುಡುಕಿಕೊಂಡವು. ಮಿದುಳಿನ ಭಾಗವನ್ನು ಕೆಣಕಿದರೆ ಆ ತುದಿಯ ಸ್ನಾಯು ಸೆಳೆದುಕೊಂಡಿತು! ಇದು 2020ರ ಮಾತು.

2025ರಲ್ಲಿ ಅವರು ಎದುರು ದಿಕ್ಕಿನ ಹಾದಿಯನ್ನೂ ಕಟ್ಟಿದರು: ಸಂವೇದನಾ ನರ, ಬೆನ್ನುಹುರಿ, ಥಲಾಮಸ್, ಮಿದುಳಿನ ಹೊರಪದರ. ಮೆಣಸಿನಕಾಯಿಗೆ ಖಾರ ಕೊಡುವ ಕ್ಯಾಪ್ಸೈಸಿನ್ ಸೋಕಿಸಿದಾಗ ಸಂಕೇತದ ಅಲೆ ಸಂವೇದನಾ ನರದಿಂದ ಹೊರಟು ಮುಂದಕ್ಕೆ ಹಬ್ಬಿತು. ಆ ಉಂಡೆಗೆ ಉರಿ ಹತ್ತಿತೆಂದು ಇದರ ಅರ್ಥವಲ್ಲ. ನೋವನ್ನು ಅನುಭವಿಸುವ ವ್ಯವಸ್ಥೆ ಅದರಲ್ಲಿಲ್ಲ. ಹುಟ್ಟಿನಿಂದಲೇ ನೋವು ತಿಳಿಯದ ಕೆಲವರಲ್ಲಿ ಎಸ್‌ಸಿಎನ್9ಎ ಜೀನ್ ಕೆಲಸ ಮಾಡುವುದಿಲ್ಲ. ಈ ಜೋಡಣೆಯ ಕೋಶಗಳಲ್ಲಿ ಆ ಜೀನ್ ತೆಗೆದು ನೋಡಿದಾಗ ನಾಲ್ಕೂ ಭಾಗಗಳು ಒಟ್ಟಿಗೆ ಮಿಡಿಯುವ ಲಯ ತಪ್ಪಿತು. ನನಗೆ ಇದೇ ಮುಖ್ಯವಾಗಿ ಕಾಣುತ್ತದೆ: ಒಂದೊಂದೇ ತುಂಡನ್ನು ನೋಡಿದ್ದರೆ ಆ ದೋಷ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ನಿಮ್ಹಾನ್ಸ್‌ಗೆ ಬರುವ ಕುಟುಂಬಗಳು ನಂಬಿ ಕೊಟ್ಟ ಕೋಶಗಳೂ ಇಂಥ ಜೋಡಣೆಯಲ್ಲಿ ಬೆಳೆಯಬೇಕು ಎಂಬುದು ನನ್ನ ಬಲವಾದ ಆಸೆ.

ಅಂಗಗಳು ನರದಿಂದಷ್ಟೇ ಮಾತಾಡುವುದಿಲ್ಲ, ರಕ್ತದ ಮೂಲಕವೂ ಮಾತಾಡುತ್ತವೆ. ಆರ್ಗನಾಯ್ಡ್‌ಗಳ ದೊಡ್ಡ ಕೊರತೆ ಇಲ್ಲೇ ಇದೆ. ರಕ್ತನಾಳವಿಲ್ಲದ ಉಂಡೆ ದೊಡ್ಡದಾದಂತೆ ಅದರ ನಡುಭಾಗಕ್ಕೆ ಆಮ್ಲಜನಕ ಸಿಗದೆ ಕೋಶಗಳು ಸಾಯುತ್ತವೆ. ಅದಕ್ಕೇ ಕೆಲವರು ಯಕೃತ್ತು, ಹೃದಯ, ಕರುಳಿನ ಅಂಗಾಂಶಗಳನ್ನು ಚಿಪ್ ಮೇಲಿಟ್ಟು, ಕೂದಲೆಳೆಯಂಥ ಕಾಲುವೆಗಳಲ್ಲಿ ಪೋಷಕದ್ರವ ಹರಿಸುತ್ತಾರೆ. ಯಕೃತ್ತು ಮಾರ್ಪಡಿಸಿದ ಔಷಧಿ ಹೃದಯಕ್ಕೆ ಏನು ಮಾಡುತ್ತದೆಂದು ಅಲ್ಲಿ ನೇರವಾಗಿ ನೋಡಬಹುದು. ಭಾರತವೂ 2023ರಲ್ಲಿ ಔಷಧ ಪರೀಕ್ಷೆಯ ನಿಯಮ ತಿದ್ದಿ, ಪ್ರಾಣಿಗಳ ಮೇಲಿನ ಪ್ರಯೋಗದ ಜೊತೆಗೆ ಅಥವಾ ಅದರ ಬದಲಿಗೆ ಇಂಥ ವಿಧಾನಗಳನ್ನು ಬಳಸಲು ಅವಕಾಶ ಕೊಟ್ಟಿದೆ.